ಅಭಿಮಾನಿ ಗಿರಾಕಿ ಅಲ್ಲ

ಬಜಪೆಯಲ್ಲಿ ಕೂತು ಬೆಂಗಳೂರು ಎಫ್‌ಸಿಗೆ ಯಾಕೆ ಜೀವ ಬಿಡ್ತೀಯ ಅಂತ ನನ್ನನ್ನು ಕೇಳದವರಿಲ್ಲ. ಅದು ಊರಿನ ಕ್ಲಬ್ಬಲ್ಲ, ಕಂಠೀರವ ಸ್ಟೇಡಿಯಂ ಇಲ್ಲಿಂದ ಒಂದು ರಾತ್ರಿ ಬಸ್ಸಿನ ದೂರ. "ಅವರೇನು ನಿಂಗೆ ಸಂಬಳ ಕೊಡ್ತಾರಾ ಮಾರಾಯ?" ಅಂತ ಭಾವ ನಗೋದುಂಟು.

ಈ ಪ್ರಶ್ನೆಗೆ ಎರಡು ರೆಡಿಮೇಡ್ ಉತ್ತರಗಳಿವೆ. ಮಾರ್ಕೆಟಿಂಗ್‌ನವರು ಇದನ್ನು ಬ್ರ್ಯಾಂಡ್ ಲಾಯಲ್ಟಿ ಅಂತಾರೆ. ಇನ್ನೊಂದು ನಿಕ್ ಹಾರ್ನ್‌ಬಿಯದ್ದು. 1992ರ 'ಫೀವರ್ ಪಿಚ್' ಪುಸ್ತಕದಲ್ಲಿ ಅವನು ಆರ್ಸೆನಲ್ ಪಂದ್ಯಗಳ ಲೆಕ್ಕದಲ್ಲೇ ತನ್ನ ಬದುಕನ್ನು ಹೇಳ್ಕೊಂಡ. ಹುಡುಗನಾಗಿದ್ದಾಗ ಅಪ್ಪ ಸ್ಟೇಡಿಯಂಗೆ ಕರ್ಕೊಂಡು ಹೋದ, ಅಂದು ಹಿಡಿದ ಗೀಳು ಬಿಡಲಿಲ್ಲ. ಪುಸ್ತಕ ಸೊಗಸಾಗಿದೆ, ಒಪ್ತೇನೆ. ಆದರೆ ಎರಡೂ ಉತ್ತರ ನಮಗೆ ಸಾಲೋದಿಲ್ಲ.

ಹಾರ್ನ್‌ಬಿಗೆ ಸಿಕ್ಕಿದ್ದು ಹಳೆಯ ಕ್ಲಬ್ಬು. ನಮ್ಮದು ಹುಟ್ಟಿದ್ದೇ 2013ರಲ್ಲಿ, ಜೆಎಸ್‌ಡಬ್ಲ್ಯು ಕಂಪನಿಯ ಹಣದಿಂದ. ಬೆಂಗಳೂರಿನ ಫುಟ್ಬಾಲಿಗೆ ಇತಿಹಾಸ ಇಲ್ಲ ಅಂತಲ್ಲ; ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲೇ ರೋವರ್ಸ್ ಕಪ್ ಗೆದ್ದಿತ್ತು. ಆದರೆ ಹೊಸ ಕ್ಲಬ್ಬಿಗೆ ಆ ಆಸ್ತಿಯಲ್ಲಿ ಪಾಲು ಇರಲಿಲ್ಲ. ಯಾರ ಅಜ್ಜನೂ ಇದಕ್ಕಾಗಿ ಕೂಗಿರಲಿಲ್ಲ. ಅಶೋಕನಗರದ ಹಳೆ ಸ್ಟೇಡಿಯಂನ ಪಶ್ಚಿಮದ ಗ್ಯಾಲರಿಯಲ್ಲಿ ನಿಂತ ಒಂದಷ್ಟು ಜನ ತಮ್ಮನ್ನು ವೆಸ್ಟ್ ಬ್ಲಾಕ್ ಬ್ಲೂಸ್ ಅಂತ ಕರ್ಕೊಂಡ್ರು, ಡೋಲು ತಂದ್ರು, ಹಾಡು ಕಟ್ಟಿದ್ರು. ಕಂಪನಿ ತಂಡ ಕೊಟ್ಟಿತು, ಪರಂಪರೆ ಇವರು ಕೊಟ್ಟರು.

ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರಲ್ಲ, ಗೆದ್ದೆತ್ತಿನ ಬಾಲ ಹಿಡಿದಿದ್ದೀರಿ ಅಂತ ಮಾರ್ಕೆಟಿಂಗ್‌ನವರು ಹೇಳಬಹುದು. ಸರಿ, ಸೋಲಿನ ಲೆಕ್ಕವನ್ನೂ ನೋಡೋಣ. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆದೆವು. ದೋಹಾದಲ್ಲಿ ಒಂದು ಗೋಲಿನಿಂದ ಸೋತೆವು. 2018ರ ಮಾರ್ಚ್ 17ರಂದು ನಮ್ಮದೇ ಕಂಠೀರವದಲ್ಲಿ ಚೆನ್ನೈಯಿನ್ ವಿರುದ್ಧ 3-2ರಲ್ಲಿ ಐಎಸ್‌ಎಲ್ ಫೈನಲ್ ಕೈತಪ್ಪಿತು. ಮರುವರ್ಷ ಅದೇ ದಿನ ಮುಂಬೈಯಲ್ಲಿ ರಾಹುಲ್ ಭೇಕೆ 117ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು ಕಪ್ ತಂದಿತು. ಆಮೇಲೆ 2023 ಮತ್ತು 2025ರ ಫೈನಲ್‌ಗಳಲ್ಲಿ ಮತ್ತೆ ಸೋಲು. ಫೋನು ಇಷ್ಟು ಸಲ ಕೈಕೊಟ್ಟರೆ ನೀವು ಕಂಪನಿ ಬದಲಿಸಲ್ವಾ? ಕ್ಲಬ್ಬನ್ನು ಯಾಕೆ ಬದಲಿಸಲ್ಲ?

ನನಗೆ ಉತ್ತರ ಸಿಕ್ಕಿದ್ದು ಪಕ್ಕದ ಕಟೀಲಿನಲ್ಲಿ. ಮೇಳದ ಆಟ ಆಡಿಸ್ತೇವೆ ಅಂತ ಹರಕೆ ಹೇಳ್ಕೊಂಡವರು ಸರದಿಗಾಗಿ ವರ್ಷಗಟ್ಟಲೆ ಕಾಯ್ತಾರೆ. ದಿನ ಬಂದಾಗ ಮನೆಮಂದಿಯೆಲ್ಲ ಓಡಾಡಿ ಜಾಗ ಸರಿಮಾಡಿ, ಬಂದವರಿಗೆ ಊಟ ಬಡಿಸ್ತಾರೆ. ಮರುದಿನ ಕೇಳಿ ನೋಡಿ, "ನಿನ್ನೆ ನಮ್ಮ ಆಟ ಇತ್ತು" ಅಂತಾರೆ. ಮೇಳ ದೇವಸ್ಥಾನದ್ದು, ವೇಷ ಕಟ್ಟಿದವರು ಬೇರೆ, ಪದ ಹೇಳಿದ ಭಾಗವತರು ಬೇರೆ. ಆದರೂ ಆ 'ನಮ್ಮ' ಸುಳ್ಳಲ್ಲ. ಅದರಲ್ಲಿ ಅವರ ಕಾಯುವಿಕೆ, ಬೆವರು ಎರಡೂ ಇದೆ.

ಕ್ಲಬ್ಬಿನ ಪ್ರೀತಿಯೂ ಹೀಗೇ. ಪಡೆದದ್ದಕ್ಕಿಂತ ಕೊಟ್ಟದ್ದು ನಮ್ಮನ್ನು ಹೆಚ್ಚು ಕಟ್ಟಿಹಾಕ್ತದೆ. ಇಂಗ್ಲಿಷಿನ 'ಫ್ಯಾನ್' ಪದದ ಹಿಂದೆ ಹುಚ್ಚಿನ ವಾಸನೆ ಇದೆ. ಕನ್ನಡದ 'ಅಭಿಮಾನ'ದಲ್ಲಿ ಪ್ರೀತಿಯೂ ಇದೆ, ಹೆಮ್ಮೆಯೂ ಇದೆ. ಪಕ್ಕದಲ್ಲೇ ಸ್ವಾಭಿಮಾನವೂ ನಿಂತಿದೆ.

ನನ್ನ ತಕರಾರು ಇರೋದು ಈ ಮೂರನೆಯದರ ಬಗ್ಗೆ. 2025ರ ಜುಲೈಯಲ್ಲಿ ಐಎಸ್‌ಎಲ್‌ನ ಮುಂದಿನ ಸೀಸನ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ನಮ್ಮ ಕ್ಲಬ್ಬು ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಭಾವನ ತಮಾಷೆ ಆಗ ಆಟಗಾರರಿಗೇ ಅನ್ವಯವಾಯಿತು! ಆಗ ನಮ್ಮ ಮೊಬೈಲುಗಳಲ್ಲಿ ಹರಿದದ್ದು ಬರೀ ನೀಲಿ ಹೃದಯಗಳು, 'ಎಂದೆಂದಿಗೂ ಜೊತೆಗಿದ್ದೇವೆ' ಅನ್ನೋ ಸಾಲುಗಳು. ಜೊತೆಗಿರೋದು ಒಳ್ಳೇದೇ. ಆದರೆ ಲೆಕ್ಕ ಕೇಳದ ಪ್ರೀತಿ ಮಾಲೀಕರಿಗೆ ತುಂಬ ಅನುಕೂಲ. ಜರ್ಮನಿಯಲ್ಲಿ 50+1 ಅನ್ನೋ ನಿಯಮ ಇದೆ. ಕೆಲವನ್ನು ಬಿಟ್ಟರೆ ಅಲ್ಲಿನ ವೃತ್ತಿಪರ ಕ್ಲಬ್ಬುಗಳಲ್ಲಿ ಹೆಚ್ಚಿನ ಮತ ಸದಸ್ಯರ ಕೈಯಲ್ಲೇ ಇರಬೇಕು. ನಮಗೆ ಇಲ್ಲಿ ಸಿಗೋದು ಟಿಕೆಟ್ಟು, ಜೆರ್ಸಿ, ಸೆಲ್ಫಿ.

ನಾಳೆನೇ ಆ ನಿಯಮ ಇಲ್ಲಿಗೆ ಬರ್ತದೆ ಅಂತ ನಾನು ಕನಸು ಕಾಣ್ತಿಲ್ಲ. ಆದರೆ ವರ್ಷಕ್ಕೊಂದು ಸಲ ಅಭಿಮಾನಿಗಳ ಜೊತೆ ಕೂತು ಮಾತಾಡಿ, ಸಂಕಷ್ಟ ಬಂದಾಗ ಮೊದಲು ನಮಗೆ ಹೇಳಿ ಅಂತ ಕೇಳೋದಕ್ಕೆ ಯಾವ ನಿಯಮವೂ ಬೇಡ. ಗಿರಾಕಿ ಬೇಸರವಾದರೆ ಮುಂದಿನ ಅಂಗಡಿಗೆ ಹೋಗ್ತಾನೆ. ಅಭಿಮಾನಿಗೆ ಹೋಗೋಕೆ ಬೇರೆ ಜಾಗ ಇಲ್ಲ. ಹಾಗಾಗಿಯೇ ಪ್ರಶ್ನೆ ಕೇಳುವ ಹಕ್ಕು ಅವನಿಗೇ ಹೆಚ್ಚು.