ಆಂರಿ ಪೆಲಿಸಿಯೆಯ ಎರಡು ಅಂಗಿ

1924ರ ಜೂನ್ 26ರ ಬೆಳಿಗ್ಗೆ ಆಲ್ಬೆರ್ ಲೋಂದ್ರ್ ಎಂಬ ಪತ್ರಕರ್ತ ಫ್ರಾನ್ಸಿನ ಗ್ರಾನ್‌ವಿಲ್‌ನಲ್ಲಿ ಸೈಕಲ್ ಸವಾರರ ದಾರಿ ಕಾಯುತ್ತಿದ್ದ. ಅಂದಿನದು ಶೆರ್ಬೂರ್‌ನಿಂದ ಬ್ರೆಸ್ತ್‌ವರೆಗೆ 405 ಕಿಲೊಮೀಟರಿನ ಹಂತ. ಸವಾರರು ಕತ್ತಲಿರುವಾಗಲೇ ಹೊರಟಿದ್ದರು. ಗುಂಪು ಬಂತು, ದಾಟಿ ಹೋಯಿತು. ಹಿಂದಿನ ವರ್ಷ ಟೂರ್ ದ ಫ್ರಾನ್ಸ್ ಗೆದ್ದಿದ್ದ ಆಂರಿ ಪೆಲಿಸಿಯೆ ಅದರಲ್ಲಿರಲಿಲ್ಲ. ಅವನ ತಮ್ಮ ಫ್ರಾಂಸಿಸ್ ಕೂಡ ಇರಲಿಲ್ಲ. ಲೋಂದ್ರ್ ಕಾರು ತಿರುಗಿಸಿ ಕೂತಾಂಸ್ ಊರಿಗೆ ಹೋದ. ಅಲ್ಲಿ ರೈಲು ನಿಲ್ದಾಣದ ಕೆಫೆಯಲ್ಲಿ ಅಣ್ಣ ತಮ್ಮಂದಿರು, ಜೊತೆಗೆ ಮೊರಿಸ್ ವಿಲ್ ಎಂಬ ಇನ್ನೊಬ್ಬ ಸವಾರ, ಚಾಕೊಲೇಟ್ ಕುಡಿಯುತ್ತ ಕೂತಿದ್ದರು. ಮೂವರೂ ಸ್ಪರ್ಧೆ ಬಿಟ್ಟಿದ್ದರು.

ಜಗಳ ಹುಟ್ಟಿದ್ದು ಒಂದು ಅಂಗಿಯಿಂದ. ರಾತ್ರಿಯ ಚಳಿಗೆ ಎರಡು ಅಂಗಿ ತೊಟ್ಟು ಹೊರಟವನು ಬಿಸಿಲೇರಿದ ಮೇಲೆ ಒಂದನ್ನು ಬಿಸಾಡುವಂತಿರಲಿಲ್ಲ. ಹೊರಡುವಾಗ ಮೈಮೇಲೆ ಏನಿತ್ತೋ ಅಷ್ಟೂ ಮುಟ್ಟುವಾಗಲೂ ಇರಬೇಕೆಂಬುದು ನಿಯಮ. ಅಧಿಕಾರಿಯೊಬ್ಬ ಪೆಲಿಸಿಯೆಯ ಅಂಗಿ ಎತ್ತಿ ಒಳಗೆಷ್ಟಿವೆ ಎಂದು ನೋಡಿದ್ದ. ಮೂವತ್ತೈದು ದಾಟಿದ, ಟೂರ್ ಗೆದ್ದ ಮನುಷ್ಯನಿಗೆ ಇದನ್ನು ನುಂಗಿಕೊಳ್ಳಲಾಗಲಿಲ್ಲ.

ಈ ನಿಯಮದ ಹಿಂದೆ ಒಂದು ಪಂಥವೇ ಇತ್ತು. ಅದರ ಗುರು ಆಂರಿ ದೆಗ್ರಾಂಜ್. 1903ರಲ್ಲಿ ತನ್ನ ‘ಲೋಟೊ’ ಪತ್ರಿಕೆಯ ಮಾರಾಟಕ್ಕೆಂದು ಟೂರ್ ಆರಂಭಿಸಿದವನು ಅವನೇ, ಮರುದಿನ ಅದರ ಬಗ್ಗೆ ಬರೆಯುತ್ತಿದ್ದವನೂ ಅವನೇ. ಸವಾರ ಒಂಟಿಯಾಗಿ ನರಳಬೇಕು, ಆ ನರಳಾಟದಲ್ಲೇ ಅವನ ದೊಡ್ಡತನ ತೋರಬೇಕು ಎಂಬುದು ಅವನ ನಂಬಿಕೆ. 1913ರಲ್ಲಿ ತೂರ್ಮಾಲೆ ಘಟ್ಟ ಇಳಿಯುವಾಗ ಎಜೆನ್ ಕ್ರಿಸ್ತೋಫ್‌ನ ಸೈಕಲ್ಲಿನ ಮುಂದಿನ ಫೋರ್ಕ್ ಮುರಿಯಿತು. ಅವನು ಸೈಕಲ್ ಹೊತ್ತುಕೊಂಡು ಹತ್ತು ಕಿಲೊಮೀಟರಿಗೂ ಹೆಚ್ಚು ನಡೆದು, ಸೇಂತ್ ಮರಿ ದ ಕಾಂಪಾಂ ಊರಿನ ಕುಲುಮೆಯಲ್ಲಿ ತಾನೇ ಕಬ್ಬಿಣ ಬಡಿದು ಸರಿಮಾಡಿಕೊಂಡ. ತಿದಿ ಒತ್ತಿದ್ದು ಮಾತ್ರ ಒಬ್ಬ ಹುಡುಗ. ಅಷ್ಟಕ್ಕೇ ಕ್ರಿಸ್ತೋಫ್‌ಗೆ ದಂಡ ಬಿತ್ತು. ಈ ಕಥೆಯನ್ನು ಫ್ರೆಂಚರು ಇಂದಿಗೂ ಕಣ್ಣೊದ್ದೆ ಮಾಡಿಕೊಂಡು ಹೇಳುತ್ತಾರೆ. ನನಗೆ ಅದರಲ್ಲಿ ಕಾಣುವುದು ಆ ಸವಾರನ ಛಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ನಿಂತು ನೋಡುತ್ತಿದ್ದ ಅಧಿಕಾರಿಗಳ ಕಲ್ಲೆದೆ.

ಪೆಲಿಸಿಯೆ ಈ ಪಂಥಕ್ಕೆ ಒಗ್ಗಿದವನಲ್ಲ. ಲೊಂಬಾರ್ದಿಯ ಸ್ಪರ್ಧೆಯನ್ನು 1911, 1913, 1920ರಲ್ಲಿ ಗೆದ್ದ. 1912ರಲ್ಲಿ ಮಿಲಾನ್–ಸಾನ್ ರೆಮೊ ಗೆದ್ದ. ಪಾರಿಸ್–ರೂಬೆ ಅವನಿಗೆ 1919 ಮತ್ತು 1921ರಲ್ಲಿ ಒಲಿಯಿತು. ಇವೆಲ್ಲ ಒಂದೇ ದಿನದಲ್ಲಿ ಮುಗಿಯುವ ಓಟಗಳು. ಇಲ್ಲಿ ಸಹನೆಯಷ್ಟೇ ವೇಗವೂ ಬೇಕು, ಯಾವ ಏರಿನಲ್ಲಿ ನುಗ್ಗಬೇಕೆಂಬ ಎಣಿಕೆಯೂ ಬೇಕು. ದಿನವಿಡೀ ನಿಧಾನವಾಗಿ ತುಳಿದು ಮೈ ಹಣ್ಣು ಮಾಡಿಕೊಳ್ಳುವ ಹಳೆಯ ಅಭ್ಯಾಸವನ್ನು ಬಿಟ್ಟು, ಕಡಿಮೆ ದೂರವನ್ನು ಬಿರುಸಾಗಿ ಓಡಿಸಿ ಕಾಲು ಹುರಿಗೊಳಿಸಿದವನು ಅವನು. ಅಹಂಕಾರಿಯೂ ಹೌದು. 1919ರಲ್ಲಿ ಟೂರ್‌ನಲ್ಲಿ ಮುಂದಿದ್ದಾಗ, ತಾನು ಜಾತಿ ಕುದುರೆ, ಉಳಿದವರು ಗಾಡಿ ಎಳೆಯುವವರು ಎಂದುಬಿಟ್ಟನಂತೆ. ಅವನು ದಾರಿಯಲ್ಲಿ ನಿಂತ ಹೊತ್ತು ನೋಡಿ ಉಳಿದವರೆಲ್ಲ ಒಗ್ಗಟ್ಟಾಗಿ ಓಟ ಕಿತ್ತರು. ಅವನು ಸಿಟ್ಟಾಗಿ ಮನೆಗೆ ಹೋದ. 1920ರಲ್ಲಿ ಟೈರ್ ಎಸೆದದ್ದಕ್ಕೆ ದಂಡ ಹಾಕಿದರು. ಆಗಲೂ ಬಿಟ್ಟು ಹೋದ. ಇವನಿಗೆ ನರಳಲು ಬಾರದು, ಇವನು ಎಂದೂ ಟೂರ್ ಗೆಲ್ಲಲಾರ ಎಂದು ದೆಗ್ರಾಂಜ್ ಬರೆದ.

1923ರಲ್ಲಿ ಗೆದ್ದ. ನೀಸ್‌ನಿಂದ ಬ್ರಿಯಾಂಸೋಂಗೆ ಆಲ್ಪ್ಸ್ ದಾಟುವ ದಿನ ಮುನ್ನಡೆ ಹಿಡಿದು, ಆಟೋಮೊಟೊ ತಂಡದ ತನ್ನದೇ ಜೊತೆಗಾರ ಒತ್ತಾವಿಯೊ ಬೊತ್ತೆಕ್ಕಿಯನನ್ನು ಅರ್ಧ ಗಂಟೆ ಹಿಂದೆ ಹಾಕಿದ. 1911ರ ನಂತರ ಫ್ರೆಂಚನೊಬ್ಬ ಗೆದ್ದದ್ದು ಅದೇ ಮೊದಲು. ಮೂರು ವರ್ಷದ ಹಿಂದೆ ಹಳಿದಿದ್ದ ಲೇಖನಿಯೇ ಈಗ ಆ ಗೆಲುವನ್ನು ರಸೀನನ ನಾಟಕಗಳ ಅಚ್ಚುಕಟ್ಟಿಗೆ ಹೋಲಿಸಿ ಹೊಗಳಿತು. ದೆಗ್ರಾಂಜ್ ಸವಾರಿಯನ್ನು ಕಾಣಬಲ್ಲವನಾಗಿದ್ದ ಎಂಬುದಕ್ಕೆ ಅದೇ ಸಾಕ್ಷಿ. ಆದರೂ ಮರುವರ್ಷ ಅಂಗಿ ಎಣಿಸುವುದನ್ನು ನಿಲ್ಲಿಸಲಿಲ್ಲ.

ಇನ್ನು ಲೋಂದ್ರ್. ಹಿಂದಿನ ವರ್ಷವಷ್ಟೇ ಅವನು ಕಯೆನ್‌ನ ಕೈದಿಗಳ ವಸಾಹತಿನ ಬಗ್ಗೆ ಬರೆದು ದೇಶವನ್ನು ಕಲಕಿದ್ದ. ಕೆಫೆಯಲ್ಲಿ ಪೆಲಿಸಿಯೆ ಚೀಲ ಬಿಚ್ಚಿ ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೊಫಾರ್ಮ್, ಮಾತ್ರೆಗಳ ಡಬ್ಬಿ ತೋರಿಸಿದ. ‘ಲ ಪೆತಿ ಪಾರಿಸಿಯೆನ್’ನಲ್ಲಿ ಅಚ್ಚಾದ ಆ ವರದಿ ಬೆಂಕಿಯಂತೆ ಹಬ್ಬಿತು. ಆ ಬರಹಗಳಿಗೆ ‘ರಸ್ತೆಯ ಕೈದಿಗಳು’ ಎಂಬ ಹೆಸರು ಅಂಟಿಕೊಂಡಿತು. ಸೈಕಲ್ ಗೊತ್ತಿಲ್ಲದ ಪತ್ರಕರ್ತನಿಗೆ ಸ್ವಲ್ಪ ಬಣ್ಣ ಹಚ್ಚಿ ಹೇಳಿದೆವು ಎಂದು ಫ್ರಾಂಸಿಸ್ ಮುಂದೆ ಒಪ್ಪಿಕೊಂಡ. ಅದರಿಂದ ವರದಿಯ ಬೆಲೆ ಕುಗ್ಗುವುದಿಲ್ಲ. ಆ ವರ್ಷ 15 ಹಂತಗಳಲ್ಲಿ 5,425 ಕಿಲೊಮೀಟರ್ ಓಡಿಸಿದರು. ಹೊರಟ 157 ಮಂದಿಯಲ್ಲಿ ಕೊನೆ ಮುಟ್ಟಿದ್ದು 60 ಮಂದಿ.

ನನ್ನ ತಕರಾರು ಬೇರೆ. ದೆಗ್ರಾಂಜ್‌ನ ವೀರನೂ ಲೋಂದ್ರ್‌ನ ಕೈದಿಯೂ ಒಂದೇ ಮಣ್ಣಿನ ಬೊಂಬೆಗಳು. ಇಬ್ಬರ ಬರಹದಲ್ಲೂ ಸವಾರನೆಂದರೆ ನೋಯುವ ಮೈ. ಒಬ್ಬ ಆ ನೋವಿಗೆ ಆರತಿ ಎತ್ತಿದ, ಇನ್ನೊಬ್ಬ ಮರುಗಿದ. ಬುದ್ಧಿಯಿಂದ ಓಡಿಸುವ ಕಸುಬುದಾರನ ಮೇಲೆ ಬಹಳ ಹೊತ್ತು ಕಣ್ಣಿಡಲು ಇಬ್ಬರಿಗೂ ಆಗಲಿಲ್ಲ. ಪೆಲಿಸಿಯೆ ತಾನೇ ಬಳಿಕ ಕಮ್ಯುನಿಸ್ಟ್ ಪತ್ರಿಕೆ ‘ಲುಮಾನಿತೆ’ಗೆ ಕಾಗದ ಬರೆದ. ದಣಿವು, ನೋವು ನಮ್ಮ ಕಸುಬಿನ ಭಾಗ, ಅದನ್ನು ಒಪ್ಪಿಕೊಂಡೇ ಬಂದಿದ್ದೇವೆ, ಆದರೆ ನಮ್ಮನ್ನು ನಾಯಿಗಳಂತಲ್ಲ, ಮನುಷ್ಯರಂತೆ ಕಾಣಿರಿ ಎಂಬುದು ಅದರ ಸಾರ. ಅವನು ಕರುಣೆ ಬೇಡಲಿಲ್ಲ. ಮೈಮೇಲಿನ ಅಂಗಿಯ ಮೇಲೆ ತನ್ನ ಹಕ್ಕನ್ನು ಕೇಳಿದ, ಅಷ್ಟೇ.

ಆ ಕಾಗದದ ಬದಲು ಜನ ನೆನಪಿಟ್ಟುಕೊಂಡದ್ದು ಕಣ್ಣೀರನ್ನು. 1930ರಲ್ಲಿ ಕಂಪನಿ ತಂಡಗಳ ಬದಲು ದೇಶದ ತಂಡಗಳು ಬಂದವು. ಲೆದ್ಯುಕ್, ಮಾಞ್, ಸ್ಪೇಶೆ ಸೇರಿ ಫ್ರಾನ್ಸಿಗೆ ಸತತ ಐದು ವರ್ಷ ಗೆಲುವು ತಂದರು. ಆದರೆ 1934ರ ಟೂರ್ ಎಂದರೆ ಗೆದ್ದ ಮಾಞ್ ಯಾರ ನೆನಪಿಗೂ ಮೊದಲು ಬರುವುದಿಲ್ಲ. ನಾಯಕನಿಗೆ ತನ್ನ ಚಕ್ರ ಬಿಚ್ಚಿ ಕೊಟ್ಟು, ಗೋಡೆಯ ಮೇಲೆ ಅಳುತ್ತ ಕೂತ ಇಪ್ಪತ್ತರ ಹುಡುಗ ರನೆ ವಿಯೆತ್ತೊನ ಚಿತ್ರವೇ ಕಣ್ಣ ಮುಂದೆ ನಿಲ್ಲುತ್ತದೆ. ಆ ಸಲ ಬೆಟ್ಟಗಳನ್ನು ಎಲ್ಲರಿಗಿಂತ ಚೆನ್ನಾಗಿ ಹತ್ತಿದವನೂ ಅವನೇ ಎಂಬುದನ್ನು ಆ ಚಿತ್ರ ಹೇಳುವುದಿಲ್ಲ.

ಪೆಲಿಸಿಯೆ 1935ರ ಮೇ 1ರಂದು ಮನೆಯ ಜಗಳವೊಂದರಲ್ಲಿ ಗುಂಡೇಟಿನಿಂದ ಸತ್ತ. ದೆಗ್ರಾಂಜ್ ಮರುವರ್ಷ ಕಾಯಿಲೆಯಿಂದ ಟೂರ್‌ನ ಮೇಲ್ವಿಚಾರಣೆಯನ್ನು ಜಾಕ್ ಗೋದೆಗೆ ಬಿಟ್ಟ. 1937ರಲ್ಲಿ, ದೆಗ್ರಾಂಜ್ ಅಷ್ಟು ವರ್ಷ ತಡೆದಿದ್ದ ಗೇರ್ ಬದಲಿಸುವ ಡಿರೇಲರ್‌ಗೆ ಟೂರ್‌ನಲ್ಲಿ ಅನುಮತಿ ಸಿಕ್ಕಿತು.