ರೋಹಿಣಿಗೆ ಮುನ್ನ ಮಾಳಿಗೆ ಹತ್ತಿ

ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದ ಹೊತ್ತಿಗೆ ರಜೆ ಶುರುವಾಗುತ್ತದೆ, ರೋಹಿಣಿ ಮಳೆ ಕೂಡುವುದು ಮೇ 25ರ ಆಸುಪಾಸು. ಎರೆಹೊಲ ಬಿರಿದು ಬಿದ್ದಿರುವ, ಬಿತ್ತನೆ ಇನ್ನೂ ದೂರವಿರುವ ಈ ಆರು ವಾರಗಳಲ್ಲೇ ಬಾದಾಮಿ, ಹುನಗುಂದ ಸೀಮೆಯ ಮಣ್ಣಿನ ಮಾಳಿಗೆಗಳು ರಿಪೇರಿಯಾಗಬೇಕು. ಬನಶಂಕರಿ ಜಾತ್ರೆಯಲ್ಲಿ ಕೊಂಡ ಬಾಗಿಲು, ಚೌಕಟ್ಟುಗಳು ಗೋಡೆ ಸೇರುವುದಕ್ಕೂ, ಹಿತ್ತಲಿನ ಬದು ಸರಿಯಾಗುವುದಕ್ಕೂ ಇದೇ ಹದ. ಇವೆಲ್ಲವನ್ನೂ ಆಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವ ರೂಢಿ ಈಗ ಬೆಳೆಯುತ್ತಿದೆ. ಮನೆಮಂದಿಯೆಲ್ಲ ಕೂಡಿ ಮಾಡಬೇಕೆಂದು ನಾನು ಹೇಳುವುದು ಕೂಲಿ ಉಳಿಯಲೆಂದಲ್ಲ. ವರ್ಷಕ್ಕೊಮ್ಮೆ ಮನೆಯ ನಾಡಿ ನೋಡುವ ಅವಕಾಶ ಇದೊಂದೇ, ಮತ್ತು ಹೋದ ಮಳೆಗಾಲದಲ್ಲಿ ಯಾವ ಜಂತಿಯ ಕೆಳಗೆ ಹನಿ ಬಿತ್ತೆಂಬುದು ಅಲ್ಲಿ ಮಲಗಿದವರಿಗಷ್ಟೇ ಗೊತ್ತು.

ಮಾಳಿಗೆಯ ಗುಣವೇ ಇದಕ್ಕೆ ಸಾಕ್ಷಿ. ಮೇಲೆ ಹಾಸುವ ಸವಳು ಮಣ್ಣಿನಲ್ಲಿರುವ ಸೋಡಿಯಂ, ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸುತ್ತದೆ. ಮಳೆ ಬಿದ್ದಾಗ ಆ ನುಣ್ಣನೆಯ ಕಣಗಳು ಸಂದುಗಳಲ್ಲಿ ಕೂತು ದಾರಿ ಮುಚ್ಚುತ್ತವೆ, ನೀರು ಮೇಲೆಯೇ ಜಾರಿ ಹರನಾಳಿಗೆ ಸೇರುತ್ತದೆ. ಮಳೆ ಈ ಪದರವನ್ನು ಕೊಚ್ಚುತ್ತಲೇ ಇರುವುದರಿಂದ ವರ್ಷವರ್ಷವೂ ಹೊಸ ಮಣ್ಣು ಬೇಕು. ಎಡವಟ್ಟು ಆಗುವುದೂ ಇಲ್ಲಿಯೇ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದು ಇಂಚು ಒಣಮಣ್ಣು ಹಾಕಿದರೆ ಜಂತಿಗಳ ಮೇಲೆ 350 ಕಿಲೋಗೂ ಮಿಕ್ಕ ಭಾರ ಬೀಳುತ್ತದೆ, ನೆನೆದರೆ ಇನ್ನೂ ಹೆಚ್ಚು. ಹಳೆಯದನ್ನು ಕೆರೆಯದೆ ಹೊಸದನ್ನೇ ಸುರಿಯುತ್ತ ಹೋದರೆ, ಸೋರಬಾರದೆಂದು ಹಾಕಿದ ಮಣ್ಣೇ ಮಾಳಿಗೆಯನ್ನು ಕೆಡವುತ್ತದೆ. ಬುಟ್ಟಿಯ ಲೆಕ್ಕದಲ್ಲಿ ದುಡ್ಡು ಪಡೆಯುವವರಿಗೆ ಸುರಿಯುವುದೇ ಕೆಲಸ. ಕೆರೆಯುವುದು, ಬೇರು ಕೀಳುವುದು, ಜಂತಿ ಬಡಿದು ಗೆದ್ದಲಿನ ಟೊಳ್ಳು ಸದ್ದು ಕೇಳುವುದು, ಇದೆಲ್ಲ ಆ ಮನೆಯಲ್ಲಿ ಬದುಕುವವರ ಕಾಳಜಿ. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಇದು ಹೊಟ್ಟೆಪಾಡಿನ ಮಾತೂ ಹೌದು: ಕುಣಿಮಗ್ಗದ ಮೇಲೆ ಸೋರಿದರೆ ರೇಷ್ಮೆಯ ಹಾಸು ಕೆಡುತ್ತದೆ, ಕುಣಿಯಲ್ಲಿ ನೀರು ಒಸರಿದರೆ ದುಡಿಮೆಯೇ ನಿಲ್ಲುತ್ತದೆ.

ಸ್ಲ್ಯಾಬ್ ಹಾಕಿಸಿದರೆ ಈ ರಗಳೆಯೇ ಇಲ್ಲವಲ್ಲ ಎನ್ನುವವರಿದ್ದಾರೆ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರಲ್ಲಿ ಬಹಳ ಮಂದಿ ಸ್ಲ್ಯಾಬಿನ ಕೆಳಗೇ ಇದ್ದಾರೆ. ಅಲ್ಲಿಯೂ ಎಲೆ, ಕಸ ಸೇರಿ ನೀರಿನ ಪೈಪು ಕಟ್ಟಿಕೊಂಡರೆ ತಾರಸಿಯಲ್ಲಿ ನೀರು ನಿಲ್ಲುತ್ತದೆ. ಬಿರುಕಿನಿಂದ ಇಳಿದ ತೇವಕ್ಕೆ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಕಾವು ಕಾರುತ್ತದೆ. ತಾರಸಿಗೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಒಂದು ಪಾಲು ಮೇಲಿಂದಲೇ ಹಿಂತಿರುಗುತ್ತದೆ. ಮನೆ ಯಾವುದಾದರೂ ಬೇಸಿಗೆಯ ಪರೀಕ್ಷೆ ತಪ್ಪದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ 2019ರ ಆಗಸ್ಟಿನದು. ಮಲಪ್ರಭೆ ಉಕ್ಕಿ ಪಟ್ಟದಕಲ್ಲಿಗೇ ನುಗ್ಗಿದಾಗ ದಂಡೆಯ ಊರುಗಳ ಮಣ್ಣಿನ ಗೋಡೆಗಳು ಕುಸಿದವು. ಹೊಳೆಯ ದಾರಿಯಲ್ಲಿ ಕಟ್ಟಿದ ಮಣ್ಣಿನ ಮನೆಯನ್ನು ಯಾವ ರಿಪೇರಿಯೂ ಉಳಿಸಲಾರದು. ಅಂಥವರಿಗೆ ಬೇಕಾದದ್ದು ಎತ್ತರದ ಜಾಗ. ಆದರೆ ಹೊಳೆಯಿಂದ ದೂರದ ಮನೆಗಳಲ್ಲಿ ಗೋಡೆಯ ಬುಡ ಸಡಿಲವಾಗುವುದು ಹೆಚ್ಚಾಗಿ ಸ್ವಂತ ಅಂಗಳದ ನೀರಿನಿಂದಲೇ. ಅಂಗಳದ ಇಳಿಜಾರು ಹೊರಮುಖವಾಗಿಸಿ, ಹರನಾಳಿಗೆಯ ನೀರು ಬೀಳುವಲ್ಲಿ ಕಲ್ಲು ಹಾಸಿದರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ.

ಬಿಸಿಲಿನ ಮಾತೂ ಸುಳ್ಳಲ್ಲ. ಇಲ್ಲಿ ಪಾದರಸ 40 ಡಿಗ್ರಿ ದಾಟುತ್ತದೆ. ಆದ್ದರಿಂದ ಕೆಲಸ ಬೆಳಗಿನ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಮಕ್ಕಳು ಕೆಳಗೆ ನಿಂತು ಮಣ್ಣು ಜರಡಿ ಹಿಡಿಯಲಿ, ಕಲ್ಲು ಆರಿಸಲಿ. ಮಾಳಿಗೆಯ ಅಂಚು ಅವರ ಜಾಗವಲ್ಲ. ತೊಲೆ ಬದಲಿಸುವುದಿದ್ದರೆ ಬಡಿಗನನ್ನೇ ಕರೆಯಬೇಕು. ಇನ್ನೊಂದು ಮಾತು: ಗೋಡೆ ಸಾರಿಸುವುದು, ಸುಣ್ಣ ಬಳಿಯುವುದು, ಕೆಲಸದವರಿಗೆ ರೊಟ್ಟಿ ಬಡಿಯುವುದು ಎಲ್ಲವೂ ಹೆಂಗಸರ ಪಾಲಿಗೇ ಬಿದ್ದರೆ ಅದು ಕುಟುಂಬದ ಕೆಲಸವೆನಿಸದು. ಗಂಡಸರೂ ಸುಣ್ಣದ ಕುಂಚ ಹಿಡಿಯಬೇಕು, ಮಣ್ಣು ಎಷ್ಟು ಕೆರೆಯಬೇಕೆಂಬ ತೀರ್ಮಾನದಲ್ಲಿ ಹೆಂಗಸರ ಮಾತೂ ನಡೆಯಬೇಕು. ಹಾಗಾದಾಗ ಮನೆಯ ದುರ್ಬಲ ಜಾಗಗಳು ಮನೆಯ ಪ್ರತಿಯೊಬ್ಬರಿಗೂ ಗೊತ್ತಾಗುತ್ತವೆ. ನಡುರಾತ್ರಿ ಮಳೆ ಹೊಡೆದಾಗ ಯಾವ ಕೋಣೆಯಿಂದ ಮೊದಲು ಹೊರಬೀಳಬೇಕೆಂದು ಯಾರೂ ಯಾರನ್ನೂ ಕೇಳಬೇಕಾಗುವುದಿಲ್ಲ.