ಗೆರೆ ಎಳೆದರೆ ಸಾಲದು

ಟಿಪ್ಪಣಿಯಲ್ಲಿ ಪೈ ಚಾರ್ಟು ಹಾಕುವ ಬಗ್ಗೆ ಬರೆಯುತ್ತೇನೆ ಎಂದು ಕಳೆದ ವಾರ ಮಾತು ಕೊಟ್ಟಿದ್ದೆ. ಮೊದಲು ಅದನ್ನು ಮುಗಿಸಿಬಿಡೋಣ. ಮನೆಖರ್ಚಿನ ಪುಟಕ್ಕೆ ಪೈ ಚಾರ್ಟು ಬೇಡ. ಬಾಡಿಗೆ, ದಿನಸಿ, ಹಾಲು, ಕರೆಂಟು, ಶಾಲೆಯ ಫೀಸು ಎಲ್ಲವನ್ನೂ ದೊಡ್ಡ ಮೊತ್ತ ಮೇಲೆ, ಚಿಕ್ಕದು ಕೆಳಗೆ ಎಂದು ಒಂದು ಕೋಷ್ಟಕದಲ್ಲಿ ಬರೆದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ದುಂಡಗಿನ ಹೋಳುಗಳಲ್ಲಿ ಯಾವುದು ಹದಿನೆಂಟು, ಯಾವುದು ಇಪ್ಪತ್ತೊಂದು ಎಂದು ತಿಳಿಯಬೇಕಾದರೆ ಮತ್ತೆ ಅಂಕಿಯನ್ನೇ ಬರೆಯಬೇಕು. ಅಂಕಿ ಬರೆದ ಮೇಲೆ ಹೋಳು ಯಾತಕ್ಕೆ? ತಿಂಗಳಿಂದ ತಿಂಗಳಿಗೆ ಏರಿಳಿಯುವ ಲೆಕ್ಕಗಳಿಗೆ, ಅಂದರೆ ಬೆಸ್ಕಾಂ ಬಿಲ್ಲು, ರಕ್ತದ ಸಕ್ಕರೆಯಂಥವಕ್ಕೆ, ಗೆರೆಯ ಚಾರ್ಟು ಸರಿ. ಇಷ್ಟೇ.

ಇದಕ್ಕಿಂತ ಮುಖ್ಯವಾದ ಮಾತೊಂದು ಮೊನ್ನೆ ಕಿವಿಗೆ ಬಿತ್ತು. ಜಯನಗರ ಎಂಟನೇ ಬ್ಲಾಕಿನಲ್ಲಿ ಕಛೇರಿ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದರು. ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗಿಯೊಬ್ಬಳು ತನ್ನ ರಾಗಗಳ ವಿಕಿಯನ್ನು ಹಿರಿಯ ರಸಿಕರೊಬ್ಬರಿಗೆ ಮೊಬೈಲಿನಲ್ಲಿ ತೋರಿಸುತ್ತಿದ್ದಳು. ಪರದೆಯ ತುಂಬ ಚುಕ್ಕಿಗಳು, ಚುಕ್ಕಿಗಳ ನಡುವೆ ಗೆರೆಗಳು.

"ಏನಮ್ಮಾ, ತೋಡಿಗೂ ಶಂಕರಾಭರಣಕ್ಕೂ ಗೆರೆ ಎಳೆದಿದ್ದೀಯ. ಯಾಕೆ ಅಂತ ಎಲ್ಲಿ ಬರೆದಿದ್ದೀಯ?"

"ಲಿಂಕ್ ಕೊಟ್ಟಿದ್ದೀನಿ ಅಂಕಲ್, ಅದಕ್ಕೇ ಗೆರೆ ಬಂದಿದೆ."

"ಲಿಂಕ್ ಇರೋದು ನನಗೂ ಕಾಣತ್ತೆ. ಯಾವ ಸ್ವರದಿಂದ?"

ಈ ಅಂಕಣದಲ್ಲಿ ನಾನು ಇಷ್ಟು ಕಾಲ ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಅವರು ಎರಡೇ ಪದದಲ್ಲಿ ಹೇಳಿಬಿಟ್ಟರು. ಅಬ್ಸಿಡಿಯನ್ ಎಂಬ ಟಿಪ್ಪಣಿ ತಂತ್ರಾಂಶ ಮತ್ತು ಅದರ ಬಳಗದವರು ಹೆಮ್ಮೆಯಿಂದ ತೋರಿಸುವ ಗ್ರಾಫ್ ನೋಟದ ಮೇಲೆ ನನಗಿರುವ ತಕರಾರು ಇದೇ. ಒಂದು ಪುಟ ಇನ್ನೊಂದನ್ನು ಹೆಸರಿಸಿದರೆ ಸಾಕು, ತಂತ್ರಾಂಶ ನಡುವೆ ಗೆರೆ ಎಳೆಯುತ್ತದೆ. ರಾಗ ಜನ್ಯವೋ, ಹೋಲಿಕೆ ಇದೆಯೋ, ಒಂದೇ ದಿನ ಎರಡನ್ನೂ ಕೇಳಿದ್ದೋ, ಎಲ್ಲದಕ್ಕೂ ಒಂದೇ ಬೂದು ಗೆರೆ. ಟಿಪ್ಪಣಿ ಸಾವಿರ ದಾಟಿದ ಮೇಲೆ ಉಳಿಯುವುದು ಜೇಡರ ಬಲೆ. ಅದನ್ನು ನೋಡಿ ಯಾರೂ ಏನನ್ನೂ ಕಲಿತದ್ದನ್ನು ನಾನು ಕಂಡಿಲ್ಲ. ಕ್ಯಾನ್ವಾಸ್ ಪಂಥದವರದು ಇನ್ನೊಂದು ಬಗೆ: ಅಂಚಿಲ್ಲದ ಹಲಗೆ, ಬಣ್ಣದ ಪೆಟ್ಟಿಗೆಗಳು. ಬಾಣದ ಮೇಲೆ ಬರೆಯಲು ಅಲ್ಲಿ ಜಾಗವಿದೆ, ಆದರೆ ಬರೆಯುವವರು ಅಪರೂಪ.

ಬಾಣದ ಮೇಲೆ ಮಾತಿಲ್ಲದಿದ್ದರೆ ಆ ಬಾಣ ಬೇಡ. ಈ ನಿಯಮ ಪಾಲಿಸಲು ಸುಲಭವಾದ ದಾರಿ, ಚಿತ್ರವನ್ನು ಅಕ್ಷರದಲ್ಲೇ ಬರೆಯುವುದು. ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ ಗ್ರಾಫ್‌ವಿಜ್ ಆಗಲಿ, 2014ರಲ್ಲಿ ಕ್ನುಟ್ ಸ್ವೈಡ್‌ಕ್ವಿಸ್ಟ್ ಆರಂಭಿಸಿದ ಮರ್ಮೇಡ್ ಆಗಲಿ, ಇವುಗಳಲ್ಲಿ ನೀವು ಎಳೆಯುವುದಿಲ್ಲ, ಬರೆಯುತ್ತೀರಿ. ಈ ರಾಗದಿಂದ ಆ ರಾಗಕ್ಕೆ ಬಾಣ, ಬಾಣದ ಮೇಲೆ 'ರಿ'. ಒಂದು ಸಾಲು, ಅಷ್ಟೇ. ಹುಡುಕಿದರೆ ಸಿಗುತ್ತದೆ, ತಿದ್ದಲು ಒಂದು ಕ್ಷಣ ಸಾಕು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾಗಿ ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗವನ್ನು ಕೂಡಿಕೊಂಡಾಗ, ಅಕ್ಷರದಲ್ಲಿ ನಕ್ಷೆ ಇಟ್ಟುಕೊಂಡವರು ಕೆಲವು ಸಾಲು ಸೇರಿಸಿದರು. ಚಿತ್ರ ಅಂಟಿಸಿಕೊಂಡವರ ಟಿಪ್ಪಣಿಯಲ್ಲಿ ರಾಗಿಗುಡ್ಡ ನಿಲ್ದಾಣ ಇನ್ನೂ ಇಲ್ಲ.

ಆ ಹಿರಿಯರ ಪ್ರಶ್ನೆಗೆ ಬರೋಣ. ಅವರು ಕೇಳಿದ್ದು ಗ್ರಹಭೇದದ ಮಾತು. ಶಂಕರಾಭರಣದ ಸ್ವರಗಳನ್ನು ಹಾಗೆಯೇ ಇಟ್ಟುಕೊಂಡು ಅದರ ರಿಷಭವನ್ನು ಷಡ್ಜವೆಂದುಕೊಂಡರೆ ಖರಹರಪ್ರಿಯ. ಗಾಂಧಾರದಿಂದ ತೋಡಿ, ಮಧ್ಯಮದಿಂದ ಕಲ್ಯಾಣಿ, ಪಂಚಮದಿಂದ ಹರಿಕಾಂಭೋಜಿ, ಧೈವತದಿಂದ ನಠಭೈರವಿ. ಐದು ಸಾಲು ಬರೆಯಿರಿ, ಶಂಕರಾಭರಣದಿಂದ ಹೊರಡುವ ಐದು ಬಾಣ ಮೂಡುತ್ತವೆ. ಇಷ್ಟು ಯಾವ ಸಂಗೀತ ಪುಸ್ತಕದಲ್ಲಾದರೂ ಸಿಗುತ್ತದೆ.

ಈಗ ಹಿಂದಿರುಗುವ ಬಾಣಗಳನ್ನೂ ಬರೆಯಿರಿ. ಖರಹರಪ್ರಿಯದಿಂದ ಶಂಕರಾಭರಣಕ್ಕೆ ಬರಲು ನಿಷಾದ ಹಿಡಿಯಬೇಕು. ತೋಡಿಯಿಂದ ಧೈವತ, ಕಲ್ಯಾಣಿಯಿಂದ ಪಂಚಮ, ಹರಿಕಾಂಭೋಜಿಯಿಂದ ಮಧ್ಯಮ, ನಠಭೈರವಿಯಿಂದ ಗಾಂಧಾರ. ಜೋಡಿಗಳನ್ನು ಗಮನಿಸಿ: ರಿಯಲ್ಲಿ ಹೋದವರು ನಿಯಲ್ಲಿ ಬರುತ್ತಾರೆ, ಗದಲ್ಲಿ ಹೋದವರು ಧದಲ್ಲಿ, ಮದಲ್ಲಿ ಹೋದವರು ಪದಲ್ಲಿ. ಸಪ್ತಕದಲ್ಲಿ ಎಷ್ಟು ಮೆಟ್ಟಿಲು ಏರಿದ್ದೆವೋ, ಮಿಕ್ಕಷ್ಟನ್ನು ಏರಿದರೆ ಮತ್ತೆ ಷಡ್ಜ. ಬರಿಯ ಗೆರೆಯಲ್ಲಿ ಇದು ಕಾಣುವುದಿಲ್ಲ. ಗೆರೆಯ ಮೇಲೆ ಸ್ವರ ಬರೆದ ಕೂಡಲೇ ನಕ್ಷೆಯೇ ಪಾಠ ಹೇಳತೊಡಗುತ್ತದೆ. ನಿಷಾದದಿಂದ ಹೊರಡುವ ಬಾಣವನ್ನೂ ಬಿಡಬೇಡಿ. ಅಲ್ಲಿ ಪಂಚಮ ಸಿಗದು, ಎರಡೂ ಮಧ್ಯಮಗಳು ಬಂದು ಕೂರುತ್ತವೆ, ಹಾಗಾಗಿ ಮೇಳ, ಅಂದರೆ ಏಳೂ ಸ್ವರಗಳ ಮೂಲರಾಗ, ಆಗದು. ಚುಕ್ಕೆ ಗೆರೆಯಲ್ಲಿ ಆ ಬಾಣ ಬರೆದು ಮೇಲೆ 'ಪಂಚಮ ಇಲ್ಲ' ಎಂದು ಕಾರಣ ಕೊಡಿ. ಆಗದೆ ಇರುವುದಕ್ಕೂ ಟಿಪ್ಪಣಿಯಲ್ಲಿ ಜಾಗ ಬೇಕು.

ಹಾಗೆಂದು 72 ಮೇಳಕರ್ತಗಳನ್ನೂ ಬಾಣಗಳಲ್ಲಿ ಹಾಕಲು ಹೊರಡಬೇಡಿ. ಅದು ಕೋಷ್ಟಕದ ವಸ್ತು: ಹನ್ನೆರಡು ಚಕ್ರ, ಚಕ್ರಕ್ಕೆ ಆರು ರಾಗ. ಚಕ್ರದಿಂದ ಚಕ್ರಕ್ಕೆ ರಿ-ಗ ಬದಲಾಗುತ್ತವೆ, ಚಕ್ರದೊಳಗೆ ಧ-ನಿ. 36 ಮನೆ ದಾಟಿದರೆ ಮಧ್ಯಮ ಮಾತ್ರ ಶುದ್ಧದಿಂದ ಪ್ರತಿಗೆ ತಿರುಗುತ್ತದೆ. 29ರ ಶಂಕರಾಭರಣದ ಎದುರಿಗೆ 65ರ ಕಲ್ಯಾಣಿ ಬರುವುದು ಹಾಗೆ. ವೆಂಕಟಮಖಿ 'ಚತುರ್ದಂಡಿ ಪ್ರಕಾಶಿಕೆ'ಯಲ್ಲಿ ಹಾಕಿಕೊಟ್ಟ ಈ ಲೆಕ್ಕಕ್ಕೆ ಮರದ ಕೊಂಬೆಗಳನ್ನು ಜೋಡಿಸಿದ ಪೋಸ್ಟರುಗಳನ್ನು ನೋಡಿದ್ದೇನೆ. ಕೊಂಬೆಯಿಂದ ಕೊಂಬೆಗೆ ಕಣ್ಣು ಅಲೆಯುತ್ತದೆ, ಧೀರಶಂಕರಾಭರಣ ಮಾತ್ರ ಸಿಗುವುದಿಲ್ಲ. ಕೋಷ್ಟಕದಲ್ಲಿ, ಅಕ್ಷರಕ್ಕೆ ಅಂಕಿ ಕೊಡುವ ಕಟಪಯಾದಿ ಸೂತ್ರ ಗೊತ್ತಿದ್ದವರಿಗೆ ಹುಡುಕುವ ಪ್ರಮೇಯವೇ ಇಲ್ಲ: ಧೀ ಒಂಬತ್ತು, ರ ಎರಡು, ತಿರುಗಿಸಿದರೆ 29.

ಅಕ್ಷರದಲ್ಲಿ ಬರೆಯಲಾಗದ ಚಿತ್ರಗಳೂ ಇವೆ. ಎಲೆಯ ಅಂಚು, ಹೂವಿನ ಒಳಗಿನ ಜೋಡಣೆ. ಅಲ್ಲಿಗೆ ನನ್ನ ಗುರು ಬಿ.ಜಿ.ಎಲ್. ಸ್ವಾಮಿ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ 'ಹಸುರು ಹೊನ್ನು' ಯಾರ ಮನೆಯಲ್ಲಿಲ್ಲ! ಆದರೆ ಅದನ್ನು ಟಿಪ್ಪಣಿ ಮಾಡುವ ಕಲೆಯ ಪುಸ್ತಕವಾಗಿ ಓದಿದವರು ಕಡಿಮೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ಯುತ್ತಾರೆ. ಹರಟೆ, ತಮಾಷೆಗಳ ನಡುವೆ ಗಿಡವೊಂದು ಎದುರಾಗುತ್ತದೆ, ಅದರ ರೇಖಾಚಿತ್ರವೂ ಜೊತೆಗೇ ಬರುತ್ತದೆ. ಚಿತ್ರ ಬರೆದವರೂ ಸ್ವಾಮಿಯವರೇ. ಫೋಟೋದಲ್ಲಿ ಹಿಂದಿನ ಪೊದೆ, ಬಿಸಿಲು, ನೆರಳು ಎಲ್ಲವೂ ಬೀಳುತ್ತವೆ. ಗುರುತು ಹಿಡಿಯಲು ಬೇಕಾದ್ದು ಎಲೆಯ ಜೋಡಣೆ ಎಂದಾದರೆ ರೇಖಾಚಿತ್ರಕಾರ ಅದೊಂದನ್ನೇ ಬರೆದು ಉಳಿದದ್ದನ್ನು ಬಿಡಬಲ್ಲ. ಲಾಲ್‌ಬಾಗಿನಲ್ಲಿ ಗಿಡ ನೋಡಿ ಬಂದವರು ಪೆನ್ಸಿಲ್ಲಿನಲ್ಲಿ ಬರೆದು, ಸ್ಕ್ಯಾನ್ ಮಾಡಿ ವಿಕಿಯಲ್ಲಿ ಇಡಲಿ. ಕೆಳಗೆ ಗಿಡದ ಹೆಸರು, ನೋಡಿದ ತಿಂಗಳು, ಗಮನಿಸಿದ ಭಾಗ ಇವನ್ನು ಟೈಪ್ ಮಾಡಿದರೆ ಆ ಚಿತ್ರವೂ ಹುಡುಕಾಟಕ್ಕೆ ಸಿಗುತ್ತದೆ.

ಕನ್ನಡದಲ್ಲಿ ಹೆಸರು ಬರೆಯುವವರಿಗೆ ಒಂದೆರಡು ಎಚ್ಚರಿಕೆ. 'ಖರಹರಪ್ರಿಯ'ದ ಪ್ರಿ ಒಳ್ಳೆಯ ಪರೀಕ್ಷೆ. ಪೈಥಾನಿನ ಮ್ಯಾಟ್‌ಪ್ಲಾಟ್‌ಲಿಬ್ ಬಹುಕಾಲ ಒತ್ತಕ್ಷರವನ್ನು ಕೂಡಿಸದೆ ಬಿಡಿಬಿಡಿಯಾಗಿ ಸುರಿಯುತ್ತಿತ್ತು. ಕನ್ನಡದ ಚಾರ್ಟಿಗೆ ನ್ಯೂಪ್ಲಾಟಿನ ಕೈರೋ ಟರ್ಮಿನಲ್ ವಾಸಿ, ಅದರಲ್ಲಿ ಒತ್ತು ತನ್ನ ಜಾಗದಲ್ಲೇ ನಿಲ್ಲುತ್ತದೆ. ಗ್ರಾಫ್‌ವಿಜ್‌ಗೆ ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟಿನ ಹೆಸರನ್ನು ನೀವೇ ಕೊಡಿ, ಇಲ್ಲದಿದ್ದರೆ ಪೆಟ್ಟಿಗೆಯ ಅಳತೆ ತಪ್ಪಿ ಅಕ್ಷರ ಹೊರಗೆ ಚಾಚುತ್ತದೆ. ಮರ್ಮೇಡ್‌ನಲ್ಲಿ ಕನ್ನಡದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಆ ಚಿತ್ರವನ್ನು ಎಸ್‌ವಿಜಿಯಾಗಿ ಹೊರತೆಗೆದು ಇಂಕ್‌ಸ್ಕೇಪಿನಲ್ಲಿ ತೆರೆದಾಗ ಪೆಟ್ಟಿಗೆಗಳು ಖಾಲಿ ಕಂಡರೆ, ಎಚ್‌ಟಿಎಂಎಲ್ ಲೇಬಲ್ ಆಯ್ಕೆಯನ್ನು ಆಫ್ ಮಾಡಿ ಮತ್ತೆ ಹೊರತೆಗೆಯಿರಿ.

ಶಂಕರಾಭರಣದ ನಕ್ಷೆಯ ಆರು ರಾಗ ಹೆಚ್ಚಾಯಿತು ಎನ್ನುವವರು ಮೋಹನದಿಂದ ಶುರು ಮಾಡಬಹುದು. ಅದರ ರಿಯಿಂದ ಮಧ್ಯಮಾವತಿ, ಗದಿಂದ ಹಿಂದೋಳ, ಪದಿಂದ ಶುದ್ಧ ಸಾವೇರಿ, ಧದಿಂದ ಉದಯರವಿಚಂದ್ರಿಕೆ. ನಾಲ್ಕು ಸಾಲು ಬರೆದರಾಯಿತು. ಹಿಂದಿರುಗುವ ಬಾಣಗಳ ಸ್ವರಗಳನ್ನು ಮಾತ್ರ ಎಲ್ಲಿಂದಲೂ ನಕಲು ಮಾಡದೆ, ತಂಬೂರಿ ಹಾಕಿಕೊಂಡು ಹಾಡಿ ನೋಡಿ ಬರೆದುಕೊಳ್ಳಿ.